ಮನೆಯಲ್ಲಿ ಮಾತ್ರ ಮುಷ್ಕರ ಹೂಡಿದ ಲ್ಯಾಪ್‌ಟಾಪ್

ಕೆಳಮನೆಯ ಸೊಸೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಮ್ಮ ಬಾಗಿಲಲ್ಲಿ ನಿಂತಾಗ, ದೊಡ್ಡಮ್ಮ ಸೋಫಾದ ಮೇಲೆ ಕಾಲು ಚಾಚಿ ಉಗುರು ಕತ್ತರಿಸಿಕೊಳ್ಳುತ್ತಿದ್ದರು.

"ದೊಡ್ಡಮ್ಮ, ಇದನ್ನ ಯಾರೋ ಕೆಡಿಸಿಟ್ಟಿದಾರೆ. ಯಾರೋ ಅಂತ ಯಾಕೆ ಹೇಳಲಿ, ನನ್ನ ನಾದಿನಿನೇ!"

ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದ ಮೇಲೆ ದೊಡ್ಡಮ್ಮ ಈ ನಾಲ್ಕಂತಸ್ತಿನ ಕಟ್ಟಡದ ಖಾಯಂ ಪತ್ತೇದಾರರು. ಕಳೆದುಹೋದ ಬೀಗದಕೈಯಿಂದ ಹಿಡಿದು ಲಿಫ್ಟಿನ ಗೋಡೆ ಗೀಚಿದವರು ಯಾರೆಂಬುದರವರೆಗೆ ಎಲ್ಲ ದೂರೂ ಅವರ ಬಳಿಗೇ ಬರುತ್ತಿತ್ತು. ಪದವಿ ಮುಗಿಸಿ ಅವರ ಮನೆಯಲ್ಲಿದ್ದ ನಾನು ಅವರ ಬಾಲ. ಮಾತೆಲ್ಲ ಅವರದು, ಚೀಲ ಹೊರುವುದು ನನ್ನದು. ನನಗೆ ಆ ಹಂಚಿಕೆಯೇ ಹಿತವಾಗಿತ್ತು.

"ಕೂತ್ಕೊ. ಏನಾಗುತ್ತೆ ಅಂತ ಮೊದಲು ಹೇಳು, ಯಾರು ಮಾಡಿದ್ದು ಅನ್ನೋದು ಆಮೇಲೆ," ಎಂದರು ದೊಡ್ಡಮ್ಮ.

ಮರುದಿನ ಬೆಳಿಗ್ಗೆ ಅವಳಿಗೆ ಕೆಲಸದ ಸಂದರ್ಶನವಿತ್ತು. ಮನೆಯಲ್ಲೇ ಕುಳಿತು, ಇಂಟರ್ನೆಟ್ಟಿನಲ್ಲಿ ಸಂದರ್ಶಕರೆದುರೇ ಪ್ರೋಗ್ರಾಂ ಬರೆದು ಓಡಿಸಿ ತೋರಿಸಬೇಕು. ಆದರೆ ವಾರದಿಂದ 'ರನ್' ಒತ್ತಿದರೆ ಸಾಕು, ಕೋಡ್ ಬರೆಯುವ ಎಡಿಟರ್ ಕಲ್ಲಾಗಿಬಿಡುತ್ತಿತ್ತು. ಒಂದೇ ಸಾಲಿನ ಕೋಡ್ ಆದರೂ ಅದೇ ಕತೆ.

"ತರಬೇತಿ ಕೇಂದ್ರದಲ್ಲೂ ಹೀಗೇನಾ?"

"ಅಲ್ಲಿ ಚೆನ್ನಾಗೇ ಓಡುತ್ತೆ. ಅಲ್ಲಿ ನಮಗೆ ವೈಫೈ ಕೂಡ ಕೊಡಲ್ಲ, ಆದರೂ ಓಡುತ್ತೆ. ಮನೆಗೆ ಬಂದ್ರೆ ಮುಷ್ಕರ. ಮನೇಲಿ ಇದನ್ನ ಮುಟ್ಟೋದು ನಾನು ಬಿಟ್ರೆ ಅವಳೊಬ್ಬಳೇ."

"ಹೊಸದಾ ಇದು?"

"ಹಳೇದು ಸತ್ತುಹೋಯ್ತು. ಬರೆದಿದ್ದೆಲ್ಲ ಅದರ ಜೊತೆಗೇ ಹೋಯ್ತು ಅಂತ ಅತ್ತಿದ್ದೆ. ಮಾವ ತಮ್ಮ ಫೋಟೊ ಸ್ಟುಡಿಯೊದ್ದನ್ನ ತಂದುಕೊಟ್ರು."

ದೊಡ್ಡಮ್ಮ ನಮ್ಮ ವೈಫೈಗೆ ಸೇರಿಸದೆ ಅಲ್ಲೇ ಎರಡಕ್ಕೆ ಎರಡು ಕೂಡಿಸುವ ಸಾಲೊಂದನ್ನು ಬರೆಸಿ ರನ್ ಒತ್ತಿಸಿದರು. ಕಣ್ಣು ಮಿಟುಕಿಸುವುದರೊಳಗೆ ನಾಲ್ಕು ಎಂದು ಉತ್ತರ ಬಂತು.

"ನೋಡಿದ್ರಾ! ಅವಳಿಲ್ಲದ ಕಡೆ ಸರಿಯಾಗಿರುತ್ತೆ."

"ನೋಡಿದೆ. ನಡಿ, ಅವಳಿರೋ ಕಡೆಗೂ ಹೋಗೋಣ."

ಕೆಳಮನೆಯ ನಡುಕೋಣೆಯಲ್ಲಿ ನಾದಿನಿ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದಳು. ಅವಳ ಅಪ್ಪ ಮೇಜಿನ ಬಳಿ ಕ್ಯಾಮೆರಾದ ಲೆನ್ಸ್ ಒರೆಸುತ್ತ, ತಲೆ ಎತ್ತಲಾಗದೆ ಕುಳಿತಿದ್ದರು.

"ಬನ್ನಿ ದೊಡ್ಡಮ್ಮ, ಕಳ್ಳಿ ಇಲ್ಲೇ ಇದಾಳೆ," ಎಂದಳು ನಾದಿನಿ. "ಬೇಡಿ ತಂದಿದ್ರೆ ಹಾಕಿ. ಇಲ್ಲದಿದ್ರೆ ನಾನು ಗೆಳತಿಯ ರೂಮಿಗೆ ಹೊರಟೆ. ಮಾಡದ ತಪ್ಪಿಗೆ ದಿನಾ ಮುಖ ಸಿಂಡರಿಸಿಕೊಳ್ಳೋರ ಜೊತೆ ನನಗೆ ಇರಕ್ಕಾಗಲ್ಲ."

"ಹೊರಡೋಕೆ ಮುಂಚೆ ಒಂದು ಹೇಳು. ಆ ಲ್ಯಾಪ್‌ಟಾಪಲ್ಲಿ ಏನು ಮಾಡ್ತೀಯ?"

"ಧಾರಾವಾಹಿ ನೋಡ್ತೀನಿ. ಅದೂ ಈ ವಾರ ನೆಟ್ಟಗೆ ಬರ್ತಿಲ್ಲ. ನಾಯಕಿ ಬಾಯಿ ತೆರೆದಳು ಅಂದ್ರೆ ತೆರೆದೇ ಇರ್ತಾಳೆ."

ದೊಡ್ಡಮ್ಮನ ಹುಬ್ಬು ಮೇಲೇರಿತು. ಅವರು ಮತ್ತೆ ಅದೇ ಸಾಲನ್ನು ಓಡಿಸಿದರು. ಪರದೆ ಮಂಕಾಯಿತು, ಚಕ್ರ ಸುತ್ತತೊಡಗಿತು. ಸೊಸೆಯ ಕಣ್ಣು ತುಂಬಿತು.

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಏನೋ ನೋಡಿದೀಯ ನೀನು. ಗಂಟಲಲ್ಲೇ ಇಟ್ಕೋಬೇಡ, ಉಗುಳು."

ಎಲ್ಲರೂ ನನ್ನನ್ನೇ ನೋಡಿದಾಗ ನನ್ನ ಕಿವಿ ಬಿಸಿಯಾಯಿತು. "ಡೆಸ್ಕ್‌ಟಾಪಿನಲ್ಲಿ... ಅವರ ಫೋಲ್ಡರಿನ ಮೂಲೆಯಲ್ಲಿ ಚಿಕ್ಕ ಬಾಣದ ಗುರುತಿದೆ," ಎಂದೆ.

"ಶಾಭಾಷ್!" ದೊಡ್ಡಮ್ಮ ಎದ್ದು ಹೋಗಿ ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯ ಸ್ವಿಚ್ ಆರಿಸಿದರು. ಎಡಿಟರನ್ನು ಮುಚ್ಚಿ ತೆರೆಸಿ, "ಈಗ ಒತ್ತು," ಎಂದರು.

ನಾಲ್ಕು ಎಂದು ಬಂತು. ಚೀಲ ತುಂಬುತ್ತಿದ್ದ ನಾದಿನಿಯ ಕೈ ತಾನಾಗಿ ನಿಂತಿತು.

"ಎಲ್ಲರೂ ಕೂತ್ಕೊಳ್ಳಿ," ಎಂದು ದೊಡ್ಡಮ್ಮ ಕುರ್ಚಿ ಎಳೆದುಕೊಂಡರು. "ಒಂದೇ ಯಂತ್ರ, ಒಂದೇ ಸಾಲು. ತರಬೇತಿ ಕೇಂದ್ರದಲ್ಲಿ ಓಡುತ್ತೆ, ನಮ್ಮನೇಲಿ ಓಡುತ್ತೆ, ಇಲ್ಲಿ ನಿಲ್ಲುತ್ತೆ. ಅಂದ್ರೆ ತಪ್ಪು ಕೋಡಿನದಲ್ಲ, ಯಂತ್ರದ್ದೂ ಅಲ್ಲ. ಇಲ್ಲಿರೋದು, ಅಲ್ಲಿಲ್ಲದ್ದು ಏನು? ಇವಳು ನಾದಿನಿ ಅಂದಳು. ನಾನು ಈ ಮನೆಯ ಇಂಟರ್ನೆಟ್ ಅಂದ್ಕೊಂಡೆ. ಧಾರಾವಾಹಿ ನಿಂತು ನಿಂತು ಬರುತ್ತೆ ಅಂದಾಗ, ಯಾವುದೋ ಭಾರಿ ಸಾಮಾನು ಆ ದಾರೀಲಿ ಸಾಗ್ತಿದೆ ಅಂತ ಗೊತ್ತಾಯ್ತು."

"ಮತ್ತೆ ಆ ಬಾಣ?" ಎಂದಳು ಸೊಸೆ.

"ಅದು ಬರೀ ದಾರಿ ತೋರಿಸೋ ಕೈಮರ. ನಿಜವಾದ ಫೋಲ್ಡರ್ ಬೇರೆ ಕಡೆ ಇದೆ ಅಂತ ಅರ್ಥ. ಧಾರಾವಾಹಿ ನೋಡೋಳು ಫೋಲ್ಡರ್ ಎತ್ತಿಟ್ಟು, ನಿನಗೆ ತಡಕಾಟ ಆಗದಿರಲಿ ಅಂತ ಕೈಮರ ನೆಡ್ತಾಳಾ? ಕೆಡಿಸೋರು ಅಷ್ಟು ಉಪಕಾರ ಮಾಡಲ್ಲ. ಇದು ಪ್ರೀತಿಯಿಂದ ಮಾಡಿದ ಕೆಲಸ." ಅವರು ಮೇಜಿನ ಕಡೆ ನೋಡಿದರು. "ಏನಣ್ಣ, ಸ್ಟುಡಿಯೊದ ಫೋಟೊಗಳೆಲ್ಲ ಎರಡು ಕಡೆ ಇರ್ತವೆ, ಅಲ್ವಾ?"

ಮಾವ ಲೆನ್ಸನ್ನು ಕೆಳಗಿಟ್ಟರು. "ಒಂದು ಈ ಲ್ಯಾಪ್‌ಟಾಪಲ್ಲಿ, ಒಂದು ಸ್ಟುಡಿಯೊದ ಕಂಪ್ಯೂಟರಲ್ಲಿ. ಈಗಲೂ ರಾತ್ರಿ ಇವರೆಲ್ಲ ಮಲಗಿದ ಮೇಲೆ ಕ್ಯಾಮೆರಾದ ಫೋಟೊ ಇದಕ್ಕೇ ಹಾಕ್ತೀನಿ. ತಾನಾಗೇ ನಕಲು ಹೋಗೋ ಹಾಗೆ ಒಂದು ಫೋಲ್ಡರ್ ಮಾಡಿಟ್ಟಿದೀನಿ. ಮಗು ಅವತ್ತು ಅಷ್ಟು ಅತ್ತಳಲ್ಲ, ಇದೂ ಕಳೆದುಹೋಗಬಾರದು ಅಂತ ಅವಳ ಫೋಲ್ಡರನ್ನೂ ಅದರೊಳಗೇ ಇಟ್ಟೆ."

"ಅಲ್ಲೇ ಎಡವಟ್ಟಾಗಿದ್ದು. ರನ್ ಒತ್ತಿದಾಗಲೆಲ್ಲ ಎಡಿಟರ್ ಒಂದು ಪುಟ್ಟ ಫೈಲ್ ಬರೆಯುತ್ತೆ. ನಿಮ್ಮ ನಕಲು ತಂತ್ರಾಂಶ ಅದನ್ನ ಗಬಕ್ಕನೆ ಹಿಡಿದು, ಸ್ಟುಡಿಯೊಗೆ ಕಳಿಸ್ತೀನಿ ಅಂತ ಸಾಲಿನಲ್ಲಿ ನಿಲ್ಲಿಸುತ್ತೆ. ಕಳಿಸೋವರೆಗೂ ಬಿಡಲ್ಲ. ಮುಂದೆ ಯಾರಿದಾರೆ? ಈ ವಾರದ ಮದುವೆ ಫೋಟೊಗಳು, ಸಾವಿರಗಟ್ಟಲೆ. ಎಡಿಟರ್ ಪಾಪ, ತನ್ನ ಫೈಲ್ ವಾಪಸ್ ಬರಲಿ ಅಂತ ಕಾಯ್ತಾ ಕೂತಿರುತ್ತೆ. ಇಂಟರ್ನೆಟ್ ಇಲ್ಲದ ಕಡೆ ಆ ತಂತ್ರಾಂಶ ಮಲಗಿರುತ್ತೆ, ಕೋಡ್ ಓಡುತ್ತೆ."

"ಇವಳು ಗೊಣಗ್ತಿದ್ದಾಗ ಪಾಠ ಕಷ್ಟ ಇರಬೇಕು ಅಂದ್ಕೊಂಡೆ," ಎಂದರು ಮಾವ ಸಣ್ಣ ದನಿಯಲ್ಲಿ. "ಮಗಳ ಮೇಲೆ ಅಪವಾದ ಬರೋ ಹೊತ್ತಿಗೂ ನನಗೆ ಹೊಳೆಯಲಿಲ್ಲ."

ದೊಡ್ಡಮ್ಮ ಫೋಲ್ಡರನ್ನು ಹೊರಗೆ ತೆಗೆದು ಮೊದಲಿದ್ದ ಜಾಗದಲ್ಲೇ ಇಟ್ಟರು. ಸಂದರ್ಶನ ಮುಗಿಯುವವರೆಗೆ ನಕಲು ಕೆಲಸ ನಿಲ್ಲಿಸಿ ವೈಫೈ ಹಚ್ಚಿದರು. ಸೊಸೆ ರನ್ ಒತ್ತಿದಳು. ಉತ್ತರ ಥಟ್ಟನೆ ಬಂತು. ಆದರೆ ಅವಳು ಪರದೆ ನೋಡುತ್ತಿರಲಿಲ್ಲ, ನಾದಿನಿಯ ಚೀಲ ನೋಡುತ್ತಿದ್ದಳು.

"ಪುಟ್ಟಿ... ನಾನು ಬಾಯಿಗೆ ಬಂದಿದ್ದೆಲ್ಲ ಅಂದುಬಿಟ್ಟೆ ಕಣೆ. ಯಾವ ಮುಖ ಇಟ್ಕೊಂಡು..."

"ಇದೇ ಮುಖ ಇಟ್ಕೊಳ್ಳಿ ಅತ್ತಿಗೆ, ಬೇರೆ ಎಲ್ಲಿದೆ?" ನಾದಿನಿ ಚೀಲವನ್ನು ಮಂಚದ ಮೇಲೆ ಬೋರಲು ಹಾಕಿ ಬಟ್ಟೆಯನ್ನೆಲ್ಲ ಸುರಿದಳು. "ನಾಳೆ ನಿಮ್ಮ ಸಂದರ್ಶನ ಮುಗಿಯೋವರೆಗೂ ನಾನು ಈ ಬಾಗಿಲ ಹೊರಗೆ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಒಬ್ಬರನ್ನೂ ಒಳಗೆ ಬಿಡಲ್ಲ. ಮುಖ್ಯವಾಗಿ ಅಪ್ಪನ್ನ."