ನಿಮ್ಮ ಗಾಡಿ ಎಲ್ಲಿ?

ಅವನು ನನ್ನ ಜೊತೆ ಆಡಿದ ಮೊದಲ ಮಾತು, "ನಿಮ್ಮ ಗಾಡಿ ಎಲ್ಲಿ?"

ನಾನು ಸಿಟಿ ಬಸ್ ಡ್ರೈವರ್. ಕಾಯಿಲೆ ಹಬ್ಬಿದ ಮೇಲೆ ಬಸ್ಸುಗಳನ್ನೆಲ್ಲ ಡಿಪೋದಲ್ಲಿ ನಿಲ್ಲಿಸಿಬಿಟ್ಟಿದ್ದರು. ಅವತ್ತು ಅಪ್ಪನ ಕೈ ಹಿಡಿದುಕೊಂಡು, ಅವನು ಉಸಿರಿಗಾಗಿ ನಿಂತಾಗಲೆಲ್ಲ ನಿಲ್ಲುತ್ತ, ನಮ್ಮ ಕಪ್ಪು ಜನರ ತಗ್ಗಿನ ಬೀದಿಯಿಂದ ಏರು ಹತ್ತಿ ಆಟದ ಮೈದಾನಕ್ಕೆ ಬಂದಿದ್ದೆ. ಅಲ್ಲಿ ಲಸಿಕೆ ಹಾಕುತ್ತಿದ್ದರು. ಗೇಟಿನಲ್ಲಿ ನೀಲಿ ಅಂಗಿಯ ನರ್ಸ್ ಒಬ್ಬ ನಿಂತಿದ್ದ. ಬಿಳಿಯ, ಎತ್ತರದ ಆಳು, ಮಾಸ್ಕಿನ ಮೇಲೆ ಕಂದು ಕಣ್ಣು. ಚೆಂದದ ಕಣ್ಣು ಎಂದು ನೋಡಿದ ತಕ್ಷಣ ಅನಿಸಿದ್ದು ಸುಳ್ಳಲ್ಲ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬಂತು.

"ಗಾಡೀಲಿ ಬಂದವರಿಗೆ ಮಾತ್ರ ಮೇಡಂ. ಕಿಟಕಿಯಿಂದಲೇ ಸೂಜಿ ಹಾಕೋದು. ಜನ ಗುಂಪು ಸೇರಬಾರದು ಅಂತ ರೂಲ್ಸು."

"ನಮ್ಮ ಬೀದೀಲಿ ಯಾರಿಗೂ ಕಾರಿಲ್ಲ. ಬಸ್ಸೂ ನಿಲ್ಸಿದ್ದೀರಿ. ಇನ್ನೇನು ಹಾರ್ಕೊಂಡು ಬರ್ಬೇಕಾ?"

ಅವನು ಉತ್ತರ ಹುಡುಕುವಷ್ಟರಲ್ಲಿ ಬಿಳಿಯ ಗಂಡಹೆಂಡತಿ ನಾಯಿ ಹಿಡಿದುಕೊಂಡು ನಡೆದು ಬಂದರು. ಅವನು ಪಕ್ಕಕ್ಕೆ ಸರಿದು "ಬನ್ನಿ" ಎಂದ. ಅವರು ನಾಯಿ ಸಮೇತ ಒಳಗೆ ಹೋದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಅವರ ಗಾಡಿ ಎಲ್ಲಿ?"

"ಅದು... ಹೊರಗೆ ಎಲ್ಲೋ ನಿಲ್ಸಿರ್ತಾರೆ."

"ಕೇಳಿದ್ರಾ?"

ಅವನ ಕಿವಿ ಕೆಂಪಾಯಿತು. "ಇಲ್ಲ" ಎಂದ. ಸುಳ್ಳು ಹೇಳಲಿಲ್ಲ, ಅಷ್ಟೇ ಪುಣ್ಯ.

"ನಮ್ಮ ಮುಖ ನೋಡಿದ ಕೂಡ್ಲೇ ಕೇಳಿದ್ರಿ. ಅವರ ಮುಖ ನೋಡಿದಾಗ ಕೇಳ್ಬೇಕು ಅಂತಾನೂ ಹೊಳೀಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ."

ಅಪ್ಪ ನನ್ನ ಕೈ ಎಳೆದ. "ಬಾ ಮಗಳೇ. ಜೀವಮಾನವೆಲ್ಲ ಪೇಂಟ್ ಕಾರ್ಖಾನೇಲಿ ಬಿಳಿ ಬಣ್ಣ ಕಲಸ್ದೆ. ಒಂದಿಷ್ಟು ಮುಖಕ್ಕೆ ಹಚ್ಕೊಂಡಿದ್ರೆ ಇವತ್ತು ಉಪಯೋಗಕ್ಕೆ ಬರ್ತಿತ್ತು."

ಆ ಬಣ್ಣದ ಪುಡಿಯೇ ಅವನ ಶ್ವಾಸಕೋಶ ತಿಂದದ್ದು. ಈ ಕಾಯಿಲೆ ತಗಲಿದರೆ ಅವನು ಉಳಿಯುವುದಿಲ್ಲ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು. ನಮ್ಮ ಬೀದಿಯಲ್ಲಿ ಆ ವಾರ ಸಾವು ಕಂಡ ಮನೆಗಳನ್ನು ದಾಟಿಕೊಂಡೇ ನಾವು ಮನೆಗೆ ಬಂದೆವು.

ಸಂಜೆ ನೋಡಿದರೆ ಆ ನರ್ಸ್, ಬೀದಿಯಲ್ಲಿ ಮನೆ ವಿಚಾರಿಸಿಕೊಂಡು, ನಮ್ಮ ಬಾಗಿಲಲ್ಲಿ. ಅಷ್ಟರಲ್ಲಿ ನನ್ನ ಬಾಯಿಂದ ಕಥೆ ಕೇಳಿ ಬೀದಿಯ ಹೆಂಗಸರು ಅವನಿಗೆ 'ಗೇಟಪ್ಪ' ಎಂದು ಹೆಸರಿಟ್ಟಾಗಿತ್ತು.

"ಕ್ಷಮೆ ಕೇಳೋಣ ಅಂತ ಬಂದೆ."

"ಕ್ಷಮೇನ ತೋಳಿಗೆ ಚುಚ್ಚೋಕಾಗುತ್ತಾ?"

"ಇಲ್ಲ. ಲಸಿಕೇನ ಮೈದಾನ ಬಿಟ್ಟು ಹೊರಗೆ ತರೋ ಹಾಗಿಲ್ಲ. ನಡ್ಕೊಂಡು ಬರೋರಿಗೆ ಬೇರೆ ಸಾಲು ಮಾಡಿ ಅಂತ ಮೇಲಿನವರನ್ನ ಕೇಳ್ದೆ, ಬೈಸ್ಕೊಂಡೆ." ಅವನು ತಲೆ ಕೆರೆದುಕೊಂಡ. "ಮಧ್ಯಾಹ್ನದಿಂದ ನಡ್ಕೊಂಡು ಬಂದ ಬಿಳಿಯರನ್ನೂ ವಾಪಸ್ ಕಳಿಸ್ದೆ. ಅವರೂ ಬೈದ್ರು."

ನಗು ಬಂತು. ನುಂಗಿಕೊಂಡೆ.

"ಗಾಡಿ ಅಂದ್ರೆ ಕಾರೇ ಆಗ್ಬೇಕಾ?"

"ಇಂಜಿನ್ ಇರ್ಬೇಕು, ಕಿಟಕಿ ಇರ್ಬೇಕು. ಅಷ್ಟೇ ಇರೋದು ರೂಲ್ಸಲ್ಲಿ."

ಗೂಟಕ್ಕೆ ನೇತುಹಾಕಿದ್ದ ನನ್ನ ಡ್ರೈವರ್ ಯೂನಿಫಾರ್ಮನ್ನು ಅವನು ನೋಡಿದ. ಆಮೇಲೆ ನನ್ನನ್ನು ನೋಡಿದ. ಇಬ್ಬರಿಗೂ ಒಂದೇ ಹುಚ್ಚು ಒಟ್ಟಿಗೇ ಹಿಡಿದಿತ್ತು.

"ಬಸ್ ತಂದ್ರೆ ಒಳಗೆ ಬಿಡ್ತೀರಾ?"

"ಬಿಡ್ತೀನಿ. ಕೆಲಸ ಹೋದ್ರೂ ಬಿಡ್ತೀನಿ."

ಅವನು ಹೋದ ಮೇಲೆ ಅಪ್ಪ, "ಹುಡುಗ ಪರವಾಗಿಲ್ಲ" ಎಂದ.

"ನಮ್ಮನ್ನ ವಾಪಸ್ ಕಳಿಸಿದೋನನ್ನ ಹೊಗಳ್ಬೇಡಪ್ಪ."

"ನಾನು ಹೊಗಳಿದ್ರೆ ನಿನ್ನ ಮುಖ ಯಾಕೆ ಅರಳುತ್ತೆ?"

ನಿಂತ ಬಸ್ಸಿನ ಬ್ಯಾಟರಿ ಸಾಯುತ್ತದೆ. ಅದಕ್ಕೇ ಡಿಪೋದಲ್ಲಿ ಬಸ್ಸುಗಳನ್ನು ಸರದಿಯ ಮೇಲೆ ಖಾಲಿ ಓಡಿಸಿ ತರುವುದು ರೂಢಿ. ಬೆಳಿಗ್ಗೆ ಡಿಪೋ ಮ್ಯಾನೇಜರ್ ನನ್ನ ಮುಖವನ್ನೊಮ್ಮೆ ನೋಡಿ, "ಒಂದು ರೌಂಡ್ ಹೊಡ್ಕೊಂಡು ಬಾಮ್ಮ. ಯಾವ ದಾರಿ ಅಂತ ನಂಗೆ ಹೇಳ್ಬೇಡ" ಎಂದು ಕೀ ಕೊಟ್ಟರು.

ಕಿಟಕಿಗಳನ್ನೆಲ್ಲ ತೆರೆದು, ಸೀಟು ಬಿಟ್ಟು ಸೀಟಿಗೆ ನಮ್ಮ ಬೀದಿಯ ಜನರನ್ನು ಕೂರಿಸಿ, ಹೊಳೆಯುವ ಕಾರುಗಳ ಸಾಲಿನಲ್ಲಿ ನನ್ನ ಬಸ್ಸನ್ನೂ ತಂದು ನಿಲ್ಲಿಸಿದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನೂ ಹೊಡೆದೆ. ನನ್ನದು ದೊಡ್ಡ ಹಾರ್ನ್.

ಗೇಟಪ್ಪ ಗೇಟನ್ನು ಪೂರ್ತಿ ತೆರೆದ. ಬಸ್ಸಿನ ಕಿಟಕಿ ಅವನಿಗೂ ಎಟುಕಲಿಲ್ಲ. ಸ್ಟೂಲ್ ತಂದು ಹತ್ತಿ, ಹೊರಗೆ ಚಾಚಿದ ಕಪ್ಪು ತೋಳಿಗೆ ಚುಚ್ಚಿ, ಇಳಿದು, ಸ್ಟೂಲ್ ಸರಿಸಿ ಮತ್ತೆ ಹತ್ತಿದ. ಪ್ರತಿಯೊಬ್ಬರಿಗೂ "ನೋವಾಯ್ತಾ?" ಎಂದು ಕೇಳುತ್ತಿದ್ದ. ನಾನು ಪಕ್ಕದ ಕನ್ನಡಿಯಲ್ಲಿ ನೋಡುತ್ತಿದ್ದೆ. ಒಮ್ಮೆ ಅವನು ತಲೆ ಎತ್ತಿದ, ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿತು, ಸ್ಟೂಲ್ ಅಲುಗಾಡಿತು.

"ಕನ್ನಡಿ ಹಿಂದಿನ ಗಾಡಿ ನೋಡೋಕೆ ಇರೋದಲ್ವಾ ಡ್ರೈವರ್ ಮೇಡಂ?"

"ನೀವು ಬೀಳದ ಹಾಗೆ ನೋಡ್ಕೊಳ್ಳಿ ಗೇಟಪ್ಪ."

ಅಪ್ಪ ಕಟ್ಟಕಡೆಯ ಸೀಟಿನಲ್ಲಿ ಕೂತಿದ್ದ. ಮೊದಲು ಬಸುರಿ ಹುಡುಗಿಗೆ, ಮೊದಲು ಅಜ್ಜಿಗೆ ಎಂದು ಎಲ್ಲರಿಗೂ ಜಾಗ ಬಿಡುತ್ತ ಹಿಂದೆ ಸರಿಯುವುದು ಅವನ ಹುಟ್ಟುಗುಣ. ಸ್ಟೂಲ್ ಅವನ ಕಿಟಕಿಯ ಕೆಳಗೆ ಬರುವ ಹೊತ್ತಿಗೆ ಮೇಲಧಿಕಾರಿ ಓಡಿಬಂದ.

"ಏನಿದು, ಸಂತೆನಾ?" ಎಂದವನೇ ಲಸಿಕೆಯ ಪೆಟ್ಟಿಗೆ ಮುಚ್ಚಿ ಎತ್ತಿಕೊಂಡ.

"ಇವರೊಬ್ಬರು ಉಳಿದಿದ್ದಾರೆ ಸರ್. ಉಸಿರಾಟದ ತೊಂದರೆ ಇದೆ."

"ನೀನು ನಾಳೆಯಿಂದ ಬರೋದು ಬೇಡ."

ಅಪ್ಪನ ತೋಳು ಇನ್ನೂ ಕಿಟಕಿಯ ಹೊರಗೇ ಇತ್ತು. ಸ್ವಲ್ಪ ಹೊತ್ತು ಕಾದ. ಆಮೇಲೆ ಕೈ ಒಳಗೆಳೆದುಕೊಂಡು ಅಂಗಿಯ ತೋಳು ಇಳಿಸಿದ. ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ. ಕ್ಷಮಿಸುವುದೂ ಇಲ್ಲ.

ಮರುದಿನ ಗೇಟಿಗೆ ಹೊಸ ಬೋರ್ಡ್ ಬಿತ್ತು, 'ಬಸ್ಸುಗಳಿಗೆ ಪ್ರವೇಶವಿಲ್ಲ'. ಮನಸ್ಸಿದ್ದರೆ ಮಾರ್ಗ ಎನ್ನುತ್ತಾರೆ. ನಡೆದು ಬರುವವರಿಗೆ ಒಂದು ಸಾಲು ಮಾಡಲು ಇಲ್ಲದ ಮನಸ್ಸು, ಬೋರ್ಡ್ ಬರೆಸಲು ರಾತ್ರೋರಾತ್ರಿ ಹುಟ್ಟಿತ್ತು.

ಸರಿ, ತಗ್ಗಿನ ಬೀದಿಗೆ ಬೀದಿಯೇ ನಡೆದು ಬಂತು. ಸೂಜಿ ಹಾಕಿಸಿಕೊಂಡವರೂ ಬಂದರು. ಗೇಟಿಗೆ ಅಡ್ಡಲಾಗಿ, ಮಾರುದ್ದ ಅಂತರ ಬಿಟ್ಟು, ರೂಲ್ಸಿನ ಪ್ರಕಾರವೇ ನಿಂತೆವು. ಒಂದು ಕಾರೂ ಒಳಗೆ ಹೋಗಲಿಲ್ಲ.

ಆಗ ಗೇಟಪ್ಪ ಏರು ಹತ್ತಿಕೊಂಡು ಬಂದ. ನೀಲಿ ಅಂಗಿ ಇರಲಿಲ್ಲ.

"ನಿಮ್ಮ ಗಾಡಿ ಎಲ್ಲಿ?" ಎಂದೆ.

"ನಡ್ಕೊಂಡು ಬಂದೆ."

"ಹಾಗಾದ್ರೆ ಒಳಗೆ ಬಿಡಲ್ಲ."

"ಬೇಡ. ನಿಮ್ಮ ಪಕ್ಕ ನಿಂತ್ಕೋತೀನಿ."

"ಎಷ್ಟು ಹೊತ್ತು?"

"ನೀವು ಹೋಗು ಅನ್ನೋವರೆಗೂ. ಅಂದ್ರೂ ಹೋಗ್ತೀನಿ ಅಂತ ಹೇಳೋಕಾಗಲ್ಲ."

ನಾನು ಮುಖ ಆ ಕಡೆ ತಿರುಗಿಸಿದೆ. ಅಳು ಬರುತ್ತಿತ್ತು, ಅದನ್ನು ಕಾರಿನವರು ನೋಡುವುದು ನನಗೆ ಬೇಕಿರಲಿಲ್ಲ.

ಬಿಸಿಲೇರಿತು. ನಮ್ಮ ಮಾತಿಗೆ ಕರಗದವರು ಕಾರುಗಳ ಹಾರ್ನಿಗೆ ಕರಗಿದರು. ಮೇಲಧಿಕಾರಿ ಹೊರಗೆ ಬಂದು, "ನಡೆದು ಬಂದವರು ಈ ಕಡೆಯಿಂದ" ಎಂದ. ನಮಗೆ ಉಸಿರು ನಿಂತಾಗ ಹುಟ್ಟದ ದಾರಿ, ಅವರಿಗೆ ಹೊತ್ತಾದಾಗ ಹುಟ್ಟಿತು.

ಅಪ್ಪ ಎಂದಿನಂತೆ, "ಮೊದಲು ಆ ಅಜ್ಜಿ..." ಎಂದು ಹಿಂದೆ ಸರಿಯಹೋದ. ಗೇಟಪ್ಪ ಅವನ ತೋಳು ಹಿಡಿದುಕೊಂಡ.

"ಇವತ್ತು ಹಿಂದೆ ಹೋಗೋಕೆ ಬಿಡಲ್ಲ ಮಾವ. ನಡೀರಿ."

ಅಪ್ಪ ನಿಂತುಬಿಟ್ಟ. "ಮಾವನಾ?" ಎಂದು ನನ್ನ ಕಡೆ ತಿರುಗಿದ.

"ನೀನು ಮೊದ್ಲು ಸೂಜಿ ಹಾಕಿಸ್ಕೊ. ಆಮೇಲೆ ಇವರನ್ನ ನಾನು ವಿಚಾರಿಸ್ಕೋತೀನಿ."

ಅಪ್ಪ ನಗುತ್ತ, ಕೆಮ್ಮುತ್ತ, ಅಂಗಿಯ ತೋಳು ಮಡಿಸಿಕೊಂಡು ಒಳಗೆ ಹೋದ. ಸೂಜಿ ಇಳಿಯುವವರೆಗೂ ನಾವಿಬ್ಬರೂ ಕಣ್ಣು ಮಿಟುಕಿಸದೆ ನೋಡಿದೆವು.

"ಸಿಟ್ಟು ಹೋಯ್ತಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ. ಇದು ಹೋಗೋ ಸಿಟ್ಟಲ್ಲ. ಇದನ್ನೂ ಮನೇಲಿ ಇಟ್ಕೊಂಡು ಬಾಳ್ತೀರಾ?"

"ಅದಕ್ಕೂ ಜಾಗ ಮಾಡೋಣ" ಎಂದು ಕೈ ಚಾಚಿದ. ನಾನು ಅಂತರ ಮರೆತು ಹಿಡಿದುಕೊಂಡೆ.