ಯಾರ ಕೈಯಲ್ಲಿ ಹಿಪ್ಪಿ ತೆಗೆಸಿದ?

ಹಿಪ್ಪಿ ನಾಗಪ್ಪ ತೀರಿಕೊಂಡ ಸುದ್ದಿ ನಾರಾಯಣಪೇಟೆಗೆ ಬಂದಾಗ ಶಿವಗಂಗಾ ಅಪ್ಪನ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಳು.

"ಗದ್ವಾಲದ ದವಾಖಾನ್ಯಾಗ ಮುಂಜಾನೆ ಜೀವ ಹೋತಂತ," ಎಂದು ಅಪ್ಪ ಶರಣಬಸವ ಫೋನು ಕೆಳಗಿಟ್ಟು ಕೈ ಮುಗಿದ. "ಮಧ್ಯಾಹ್ನ ಮಕ್ತಲದಾಗ ಮಣ್ಣು ಮಾಡ್ತಾರಂತ. ನಡಿಯವ್ವ, ಹೋಗಿ ಬರೋಣು."

ಅವಳ ಕೈಯಲ್ಲಿದ್ದ ಸೀರೆ ಜಾರಿತು. 'ಅಯ್ಯೋ... ಶಿವಕಾಂತ ಹೆಂಗ ತಡಕೊಂಡಾನೋ!'

ನಾಗಪ್ಪ ಶಿವಕಾಂತನ ಸಣ್ಣಜ್ಜ. ಹರೆಯದಲ್ಲಿ ಕೃಷ್ಣಾ ಸ್ಟೇಷನ್ನಿನಲ್ಲಿ ಕಂಡ ಬಿಳಿಯ ಹಿಪ್ಪಿಗಳ ಗುಂಪೊಂದರ ಬೆನ್ನು ಹತ್ತಿ ಗೋವೆಗೆ ಹೋದವನು, ಬೆನ್ನ ತುಂಬ ಕೂದಲು ಬಿಟ್ಟುಕೊಂಡು ಊರಿಗೆ ಮರಳಿದ. ಈ ಕಡೆ ಗಂಡಸಿನ ಉದ್ದ ಕೂದಲಿಗೇ 'ಹಿಪ್ಪಿ' ಎನ್ನುತ್ತಾರೆ. ಆ ಹೆಸರು ಅವನಿಗೆ ಸಾಯುವತನಕ ಅಂಟಿಕೊಂಡಿತು.

ಅಜ್ಜನನ್ನು ನೋಡಿ ಮೊಮ್ಮಗನೂ ಹಿಪ್ಪಿ ಬಿಟ್ಟಿದ್ದ. ಗೂಡ್ಸ್ ಆಟೋದಲ್ಲಿ ಸೀರೆ ಹೇರಿಕೊಂಡು ಗದ್ವಾಲಕ್ಕೆ ಹೋಗಿಬರುವ ಶಿವಕಾಂತನ ಮೇಲೆ ಶರಣಬಸವನಿಗೆ ಇದ್ದ ಸಿಟ್ಟು ಅದೊಂದೇ.

"ಹಿಪ್ಪಿ ತೆಗಿಸಿಕೊಂಡು ಬಾ, ಮಗಳನ್ನ ಕೊಡ್ತೀನಿ. ಇಲ್ಲಂದ್ರ ರಾಯಚೂರಿನ ಗಂಡಿನವರಿಗೆ ಮಾತು ಕೊಡಾಂವ!"

ಶಿವಗಂಗಾ ಎಷ್ಟು ಬೇಡಿಕೊಂಡಿದ್ದಳು! ಮುನಿಸಿಕೊಂಡಳು, ಅತ್ತಳು. ಅವನು ನಕ್ಕು, "ಕೂದಲದಾಗ ಏನೈತಿ ಗಂಗಾ?" ಎನ್ನುತ್ತಿದ್ದ. ತೆಗೆಸುತ್ತಿರಲಿಲ್ಲ. ಅಜ್ಜ ಆಸ್ಪತ್ರೆ ಸೇರಿದ ಮೇಲಂತೂ ಗದ್ವಾಲದಲ್ಲೇ ಉಳಿದ. ಫೋನೂ ಅಪರೂಪವಾಯಿತು.

ಮಕ್ತಲದ ಮನೆಯ ಮುಂದೆ ಜನ ನೆರೆದಿತ್ತು. ವಿಭೂತಿ ಹಚ್ಚಿ, ತಲೆಗೆ ಬಿಳಿ ರುಮಾಲು ಸುತ್ತಿ, ಹೂವಿನ ನಡುವೆ ನಾಗಪ್ಪನನ್ನು ಕೂಡಿಸಿದ್ದರು. ಪಕ್ಕದಲ್ಲಿ ಕುಳಿತವನು ತಲೆಯೆತ್ತಿದ.



ಶಿವಕಾಂತ! ಹಿಪ್ಪಿಯೇ ಇಲ್ಲ! ನುಣ್ಣಗಾದ ತಲೆ, ಕೆಂಪಾದ ಕಣ್ಣು...

"ನೋಡಿದೇನವ್ವ?" ಅಪ್ಪ ಪಿಸುಗುಟ್ಟಿದ. "ಹುಡುಗ ನನ್ನ ಮಾತು ಉಳಿಸ್ಯಾನ!"

ಸಾವಿನ ಮನೆಯೆಂಬುದನ್ನೂ ಮರೆತು ಅವಳ ಎದೆ ಅರಳಿತು. 'ನನ್ನ ಸಲುವಾಗಿ... ಕಡೆಗೂ ನನ್ನ ಸಲುವಾಗಿ!'

ಆಗಲೇ ಒಬ್ಬ ಹುಡುಗಿ ಅವನ ಮುಂದೆ ಬಗ್ಗಿ ಲೋಟ ಹಿಡಿದಳು. ತೆಳ್ಳಗೆ, ಚೆಲುವೆ. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಕಾಂತ್, ಜರ ನೀಳ್ಳು ತಾಗು," ಎಂದಳು ತೆಲುಗಿನಲ್ಲಿ.

ಕಾಂತ್!

ಅವನು ನೀರು ಕುಡಿದ. ಲೋಟ ಅವಳ ಕೈಗೇ ಕೊಟ್ಟ.

"ಅಕಿ ಯಾರು, ಅಮ್ಮಾ?" ಶಿವಗಂಗಾ ನಾಗಪ್ಪನ ಪಕ್ಕದ ಮನೆಯ ತಿರುಪತಮ್ಮನನ್ನು ಕೇಳಿದಳು.

"ಅಕಿ ಅಖಿಲಾ. ಗದ್ವಾಲದಾಕಿ. ಈ ಹುಡುಗನ ಹಿಪ್ಪಿ ತೆಗದಾಕಿ ಅಕಿನ ನೋಡು! ಎದುರಿಗೆ ಕೂಡಿಸಿಕೊಂಡು ತನ್ನ ಕೈಯಾರ ಕತ್ತರಿಸ್ಯಾಳಂತ. ಯಾರು ಹೇಳಿದ್ರೂ ಕೇಳದಾಂವ, ಅಕಿ ಮುಂದ ತಲಿ ಬಗ್ಗಿಸ್ಯಾನ!"



'ನಾ ಕಾಲು ಹಿಡಿಯೋದೊಂದು ಬಾಕಿ ಇತ್ತು, ತೆಗಿಸಲಿಲ್ಲ. ಅಕಿ ಕತ್ತರಿ ಹಿಡಿದಳು, ತಲಿ ಕೊಟ್ಟ! ಅಕಿ ಬೆರಳು ಆ ಕೂದಲದಾಗ ಆಡಿದಾವು...'

ಆ ಬೆರಳುಗಳನ್ನೇ ಅವಳು ನೋಡಿದಳು. ಉದ್ದ ಬೆರಳು, ಚೊಕ್ಕ ಉಗುರು. ಅವು ಮುರಿದು ಹೋಗಲಿ ಅನ್ನಿಸಿತು! ಮರುಕ್ಷಣವೇ ಹೆದರಿ 'ಶಿವ ಶಿವಾ' ಎಂದಳು. ಆದರೂ ಕಣ್ಣು ಅಲ್ಲಿಂದ ಕೀಳಲಿಲ್ಲ.

ಮಣ್ಣು ಮುಗಿಯಿತು. ಜನ ಕರಗಿದರು. ಬೇವಿನ ಮರದ ಕೆಳಗೆ ಶರಣಬಸವ ಶಿವಕಾಂತನ ಹೆಗಲ ಮೇಲೆ ಕೈಯಿಟ್ಟ.

"ದುಃಖ ಬಿಡೋ ತಮ್ಮಾ. ಹಿರಿ ಜೀವ, ಮಲ್ಲಯ್ಯನ ಪಾದ ಸೇರ್ತು. ಹಿಪ್ಪಿ ತೆಗಿಸೀಯಲ್ಲ, ನನ್ನ ಮಾತು ನಾ ನಡಸ್ತೀನಿ. ಶ್ರಾವಣದಾಗ ಲಗ್ನ."

"ಬ್ಯಾಡ!"

ಇಬ್ಬರೂ ತಿರುಗಿದರು. ಹಿಂದೆ ಶಿವಗಂಗಾ ನಿಂತಿದ್ದಳು.

"ರಾಯಚೂರಿನವರಿಗೆ ಹೂಂ ಅನ್ನಪ್ಪಾ. ಇವರ ತಲಿ ಯಾರು ಚೊಕ್ಕ ಮಾಡ್ಯಾರೋ, ಅವರೇ ಬಾಸಿಂಗ ಕಟ್ಟಲಿ!"

"ಗಂಗಾ... ಏನಂತಿ?"

"ನಾ ಬೇಡಿಕೊಂಡಾಗ ಕೂದಲದಾಗ ಏನೂ ಇರಲಿಲ್ಲ. ಈಗ ಗದ್ವಾಲದಾಕಿ ಕೈ ಆಡಿತಲ್ಲ, ಬಂಗಾರ ಬಂದಿರಬೇಕು!"

ಹಿಂದಿನಿಂದ ಅಳುವೂ ನಗುವೂ ಬೆರೆತ ದನಿ ಬಂತು.

"ನಾನೇ ರೀ ಆ ಗದ್ವಾಲದಾಕಿ." ಅಖಿಲಾ ಹತ್ತಿರ ಬಂದಳು. "ತಾತ ಇದ್ದ ವಾರ್ಡಿನ ನರ್ಸು. ತಾತನ ತಲಿ ನೋಡೀರೇನು ನೀವು?"

"ಇಲ್ಲ. ರುಮಾಲು ಸುತ್ತಿದ್ರಲ್ಲ..."

"ಅದಕ್ಕೇ ಸುತ್ತಿದ್ದು. ಕ್ಯಾನ್ಸರ್ ಔಷಧದ ಕಾವಿಗೆ ಒಂದು ಕೂದಲೂ ಉಳಿದಿರಲಿಲ್ಲ. 'ಹಿಪ್ಪಿ ಹೋತು, ನನ್ನ ಹೆಸರೂ ಹೋತು. ಇನ್ನ ನಾ ಯಾರು?' ಅಂತ ಗೋಡಿ ಕಡೆ ಮುಖ ತಿರುವಿದ್ರು. ಅನ್ನ ಮುಟ್ಟಲಿಲ್ಲ. ಈ ನಮ್ಮ ತಮ್ಮುಡು ಕತ್ತರಿ, ಬ್ಲೇಡು ತಂದು ನನ್ನ ಕೈಯಾಗ ಇಟ್ಟ. 'ಅಕ್ಕಾ, ತೆಗಿ. ಅಜ್ಜನಂಗ ಮಾಡು,' ಅಂದ."

ತಮ್ಮುಡು. ತಮ್ಮ!

ಶಿವಗಂಗೆಯ ಮುಖ ಕೆಂಪೇರಿತು. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

"ಅಜ್ಜ ನೋಡಿದ, ನಕ್ಕ," ಎಂದ ಶಿವಕಾಂತ. ದನಿ ಒಡೆಯಿತು. "ಆಮ್ಯಾಲೆ ಗಂಜಿ ಕುಡದ. ನಿಮ್ಮಪ್ಪ, ಊರವರು, ನಾನೂ... ಎಲ್ಲಾರೂ ಹಿಪ್ಪಿ ಅಂದ್ರ ಕೂದಲಾ ಅಂತ ತಿಳಿದಿದ್ವಿ ಗಂಗಾ. ಅಜ್ಜ ಅವತ್ತು ಅಂದ, 'ಆ ಬಿಳಿ ಮಂದಿ ಹತ್ರ ನಾ ಕಲಿತಿದ್ದು ಕೂದಲು ಬಿಡೋದಲ್ಲೋ. ನಂದು ಅನ್ನೋದನ್ನ ಬಿಡೋದು. ಅದು ಬಂದ್ರ ಬೋಳು ತಲಿಯಾಂವನೂ ಹಿಪ್ಪಿನ.'"

ಶರಣಬಸವ ತನ್ನ ಬೋಳು ತಲೆಯನ್ನು ಮೆಲ್ಲನೆ ಸವರಿಕೊಂಡ. "ನಡಿಯವ್ವ," ಎಂದು ಅಖಿಲಾಳನ್ನು ಕರೆದ, "ಅಲ್ಲಿ ಚಾ ಮಾಡ್ಯಾರ." ಇಬ್ಬರೂ ಹೋದರು.

ಬೇವಿನ ಕೆಳಗೆ ಶಿವಗಂಗಾ, ಶಿವಕಾಂತ ಇಬ್ಬರೇ ಉಳಿದರು.

"ನನಗ ಯಾಕ ಹೇಳಲಿಲ್ಲ?" ಅವಳ ಕಣ್ಣಿಂದ ನೀರು ಇಳಿಯಿತು.

"ಹೇಳಿದ್ರ ನಿನ್ನ ಸಲುವಾಗಿ ತೆಗದೀನಿ ಅಂತ ಕುಣೀತಿದ್ದಿ. ಅಜ್ಜ ಸಾಯಾಕ ಹತ್ಯಾನ, ನೀ ಖುಷಿ ಪಡೋದು... ನನಗ ನೋಡಾಕ ಆಗ್ತಿರಲಿಲ್ಲ."

ಆ ಮಾತು ಚುಚ್ಚಿತು. ಸುಳ್ಳಲ್ಲವಲ್ಲ! ಇಂದು ಹೆಣದ ಮುಂದೆಯೇ ಅವಳ ಎದೆ ಅರಳಿತ್ತು.

"ತಪ್ಪಾತು," ಎಂದಳು ತಲೆ ತಗ್ಗಿಸಿ. "ಆದ್ರ ಒಂದು ಮಾತು. ನಾ ಹಿಪ್ಪಿ ಆಗಾಕ ಆಗಂಗಿಲ್ಲ."

"ಯಾಕ?"

"ಉಳಿದದ್ದೆಲ್ಲಾ ಬಿಡ್ತೀನಿ. ನಿನ್ನ ಮಾತ್ರ... ನನ್ನಾಂವ ಅಂತೀನಿ. ಬೇಕಾದ್ರ ಮತ್ತ ಮಾರುದ್ದ ಕೂದಲು ಬಿಡು! ಅಪ್ಪಗ ನಾ ಹೇಳ್ತೀನಿ."

ಅಳುವಿನ ನಡುವೆಯೇ ಅವನು ನಕ್ಕ. "ಎಣ್ಣಿ ಹಚ್ಚಾವ್ರು ಯಾರು?"

"ನಾ ಇಲ್ಲೇನು? ಬ್ಯಾರೆಯವರು ಮುಟ್ಟಲಿ ನೋಡೋಣು!"

ಅವನು ಅವಳ ಕೈ ಹಿಡಿದ. ಇಬ್ಬರೂ ಹಸಿ ಮಣ್ಣಿನ ಗುಡ್ಡೆಯ ಬಳಿಗೆ ಹೋಗಿ, ಬಿಲ್ವಪತ್ರೆ ಏರಿಸಿ ಕೈ ಮುಗಿದರು. ಶಿವಗಂಗಾ ಕಣ್ಣು ಮುಚ್ಚಿ ಬೇಡಿಕೊಂಡಳು:

"ಶಿವನೇ, ಏನೊಂದನ್ನೂ ನಂದು ಅನ್ನದ ಜೀವ ಇದು. ನೀನರ ಇದನ್ನ ನಂದು ಅಂತ ಎತ್ತಿಕೊಳ್ಳಪ್ಪ. ನಿನ್ನ ಪಾದದಾಗ ಶಾಂತಿ ಕೊಡು."