ಅಜ್ಜನ ಜೋಡು ಎಣ್ಣೆ ಕುಡಿದದ್ದು

"ಲೇ ಸಿದ್ದೀ, ಇವು ಜೋಡಲ್ಲಲೇ. ಕಡಕ್ ರೊಟ್ಟಿ," ಎಂದ ಉಡಚಪ್ಪ.

ಸಿದ್ದಲಿಂಗವ್ವನಿಗೆ ನಗು ಬರಲಿಲ್ಲ. ಬಚ್ಚಲ ಒಲೆಯ ಪಕ್ಕದಿಂದ ತೆಗೆದ ಅಜ್ಜನ ಚರ್ಮದ ಜೋಡು ಅವಳ ಕೈಯಲ್ಲಿತ್ತು. ಮುಂಜಾನೆ ಮೆತ್ತಗಿದ್ದದ್ದು ಈಗ ಹಲಗೆಯಂತೆ ಸೆಟೆದಿತ್ತು. ಬಾಗಿಸಿ ನೋಡಿದಳು. ಬಲಗಾಲಿನ ಜೋಡಿನ ಮೇಲ್ಗಡೆ ಟಕ್ ಎಂದು ಸಣ್ಣ ಬಿರುಕು ಬಿತ್ತು.

"ಒತ್ತಬ್ಯಾಡ, ಪೂರಾ ಮುರೀತೈತಿ," ಎಂದ ಉಡಚಪ್ಪ. ಪಕ್ಕದ ಮನೆಯವನು, ಶಾಲೆಯಲ್ಲಿ ಅವಳದೇ ಇಯತ್ತೆ. ಬುದ್ಧಿ ಹೇಳಲು ಯಾವಾಗಲೂ ಒಂದು ಹೆಜ್ಜೆ ಮುಂದೆ.

ಆದದ್ದು ಇಷ್ಟು. ಅಂದು ನೀರು ತುಂಬುವ ಹಬ್ಬ. ದೀಪಾವಳಿಯ ಎಣ್ಣೆಸ್ನಾನಕ್ಕೆ ಹಿಂದಿನ ದಿನ ಅಸುಂಡಿಯ ಮನೆಮನೆಯಲ್ಲೂ ಹಂಡೆ ಕೊಡಗಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಹೊಸ ನೀರು ತುಂಬುತ್ತಾರೆ. ತಿಕ್ಕುವ ಕೆಲಸವನ್ನು ಅಜ್ಜಿ ಗದಿಗೆವ್ವ ಮೊಮ್ಮಗಳಿಗೆ ವಹಿಸಿದ್ದಳು. ಹಂಡೆ ಹೊಳೆಯಿತು, ತಂಬಿಗೆ ಹೊಳೆಯಿತು, ಹುಡುಗಿಯ ಹುರುಪು ಮಾತ್ರ ಇನ್ನೂ ಮುಗಿದಿರಲಿಲ್ಲ. ಬಾಗಿಲ ಹೊರಗೆ ಅಜ್ಜನ ಜೋಡು ಕಂಡಿತು. ಧೂಳು ತುಂಬಿದ ಜೋಡು ಮೆಟ್ಟಿ ಅಜ್ಜ ನಾಳೆ ಗದಗಕ್ಕೆ ಹೋಗುವುದೇ? ಅದಕ್ಕೂ ಹುಣಸೆಹಣ್ಣು, ಬೂದಿ. ಆಮೇಲೆ ಕೊಡದ ತುಂಬ ನೀರು. ಜಲ್ದಿ ಒಣಗಲೆಂದು ಬಚ್ಚಲ ಒಲೆಯ ಪಕ್ಕಕ್ಕೆ ಇಟ್ಟಳು. ಸಿದ್ದಲಿಂಗವ್ವ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ಕೆಡಿಸುವಾಗಲೂ ಪೂರ್ತಿಯಾಗಿಯೇ ಕೆಡಿಸಿದ್ದಳು.

ನಾಳೆಯೆಂದರೆ ಬರೀ ಹಬ್ಬವಲ್ಲ, ನವೆಂಬರ್ ಒಂದು. ಇಷ್ಟು ದಿನ ಅಸುಂಡಿ ಮುಂಬಯಿ ರಾಜ್ಯದಲ್ಲಿತ್ತು, ಅತ್ತ ಕೊಪ್ಪಳ ಹೈದರಾಬಾದಿನಲ್ಲಿತ್ತು. ನಾಳೆಯಿಂದ ಕನ್ನಡದವರೆಲ್ಲ ಒಂದೇ ರಾಜ್ಯದವರು ಎಂದು ಮಾಸ್ತರು ಶಾಲೆಯಲ್ಲಿ ಹೇಳಿದ್ದರು. ಗದಗದಲ್ಲಿ ದೊಡ್ಡ ಮೆರವಣಿಗೆ ಇತ್ತು. "ನಾಡು ಒಂದಾದ ದಿನ ಗದಗಿಗೆ ನಡಕೊಂಡ ಹೋಗ್ತೀನಿ" ಎಂದು ಅವಳ ಅಜ್ಜ ಹುಚ್ಚೀರಪ್ಪ ಬಹಳ ಹಿಂದೆಯೇ ಚಾವಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದ. ಈಗ ಗಾಡಿ ಹತ್ತು ಎಂದರೆ ಕೇಳುವ ಆಸಾಮಿಯಲ್ಲ.

ಆದರೆ ಹಿಂದೊಮ್ಮೆ ಗಾಡಿಯ ಗಾಲಿ ಹರಿದು ಅಜ್ಜನ ಬಲಗಾಲಿನ ಹೆಬ್ಬೆರಳು ಸೊಟ್ಟಗಾಗಿತ್ತು. ಬರಿಗಾಲಲ್ಲಿ ನಡೆದರೆ ಕುಂಟುತ್ತಾನೆ. ಬೇರೆ ಯಾವ ಜೋಡೂ ಆ ಕಾಲಿಗೆ ಒಗ್ಗದು. ಇವನ್ನು ಹರ್ತಿಯ ದ್ಯಾಮಪ್ಪ ಹೊಲಿದುಕೊಟ್ಟಿದ್ದ. ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ನೆನೆಹಾಕಿ ಹದಮಾಡಿದ ಚರ್ಮ. ಹೊಸದಿದ್ದಾಗ ಗೋಧಿಯ ಬಣ್ಣ ಇತ್ತಂತೆ. ಅಜ್ಜನ ಕಾಲಲ್ಲಿ ತಿರುಗಿ ತಿರುಗಿ ಬೆಲ್ಲದ ಬಣ್ಣಕ್ಕೆ ಬಂದು, ಆ ಸೊಟ್ಟ ಬೆರಳು ಕೂರಲು ತಾನೇ ಒಂದು ಗುಳಿ ಮಾಡಿಕೊಂಡಿತ್ತು.

"ಅಜ್ಜಗ ಹೇಳಿಬಿಡು," ಎಂದ ಉಡಚಪ್ಪ.

"ಹೇಳಿದ್ರ ಬರಿಗಾಲಾಗ ಹೊಂಡ್ತಾನ."

"ಹಂಗಾರ ದ್ಯಾಮಪ್ಪ ಕಾಕಾನ ಕಡಿ ಹೋಗೂಣು ನಡಿ."

"ಅಂವ ಹಬ್ಬಕ್ಕ ಮಗಳ ಮನಿಗೆ ಯಳವತ್ತಿಗೆ ಹೋಗ್ಯಾನ."

"ಮುಗೀತು ಬಿಡು ಮತ್ತ."

"ಮುಗದಿಲ್ಲ," ಎಂದಳು ಸಿದ್ದಲಿಂಗವ್ವ. ಜೋಡು ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಳಿತಳು.

ಎದುರಿನ ಗೋಡೆಯ ಗೂಟಕ್ಕೆ ಎತ್ತು ಹೊಡೆಯುವ ಬಾರಕೋಲು ತೂಗುತ್ತಿತ್ತು. ಅದರ ಚರ್ಮದ ಬಾರು ಜೋಡಿಗಿಂತ ಹಳೆಯದು, ಮಳೆ ಬಿಸಿಲು ಎರಡನ್ನೂ ಕಂಡದ್ದು. ಎದ್ದು ಹೋಗಿ ಅದನ್ನು ಬೆರಳಿಗೆ ಸುತ್ತಿದಳು. ದಾರದ ಹಾಗೆ ಸುತ್ತಿಕೊಂಡಿತು. ಅಜ್ಜ ಆಗಾಗ ಅದಕ್ಕೆ ಔಡಲ ಎಣ್ಣೆ ತೀಡುತ್ತಿದ್ದ. ಯಾಕೆಂದು ಒಮ್ಮೆ ಕೇಳಿದ್ದಳು. "ಇದೂ ತೊಗಲ ಅಲ್ಲನವ್ವಾ? ಒಣಗಿದ್ರ ಸೀಳತೈತಿ," ಎಂದಿದ್ದ.

ಮನೆಯಲ್ಲಿ ಔಡಲ ಎಣ್ಣೆ ಇತ್ತು, ಆದರೆ ಅಂದು ಅದು ಹಬ್ಬದ ಎಣ್ಣೆ. ನಾಳೆಯ ಸ್ನಾನಕ್ಕೆಂದು ಅಜ್ಜಿ ಒಬ್ಬೊಬ್ಬರ ಪಾಲನ್ನು ಬಟ್ಟಲಿಗೆ ಹಾಕಿಟ್ಟಿದ್ದಳು. ಸಿದ್ದಲಿಂಗವ್ವ ತನ್ನ ಬಟ್ಟಲನ್ನು ಎತ್ತಿಕೊಂಡು ಹಿತ್ತಲಿಗೆ ಬಂದಳು.

"ನಾಳೆ ನಿನ್ನ ತಲಿಗೆ?" ಎಂದ ಉಡಚಪ್ಪ.

"ನೋಡೂಣಂತ."

ಮೊದಲು ಒದ್ದೆ ಅರಿವೆಯಿಂದ ಹೊಲಿಗೆಯ ಸಂದಿನಲ್ಲಿದ್ದ ಬೂದಿಯನ್ನೆಲ್ಲ ಒರೆಸಿದಳು.

"ಈಗ ಎಲ್ಲಾ ಸುರವಿಬಿಡು," ಎಂದ ಉಡಚಪ್ಪ.

"ತಲಿಗೆ ಹಂಗ ಸುರವಿದ್ರ ಕುತಗಿಗೆ ಇಳೀತೈತಿ, ಅಷ್ಟ."

ಅಜ್ಜಿ ನೆತ್ತಿಗೆ ತಟ್ಟುವ ಹಾಗೆ ಒಂದೊಂದೇ ಹನಿ ಹಾಕಿ ತೀಡಿದಳು. ಚರ್ಮ ಎಣ್ಣೆಯನ್ನು ಗಟಗಟ ಕುಡಿಯಿತು. ಹೊಳಪು ಆರಿದ ಮೇಲೆ ಇನ್ನೊಂದು ಹನಿ, ಮತ್ತೆ ತೀಡುವುದು. ಬೆರಳು ನೋಯತೊಡಗಿದವು. ಉಡಚಪ್ಪ ಬೇಸತ್ತು ಪಟಾಕಿಗೆ ಹೋದ, ಬೈಗಿಗೆ ತಿರುಗಿ ಬಂದ. ಅವಳು ತೀಡುತ್ತಲೇ ಇದ್ದಳು. ಬಟ್ಟಲು ಬರಿದಾಗುವ ಹೊತ್ತಿಗೆ ಚರ್ಮ ಬಾಗಿತು.

ಸೊಟ್ಟ ಬೆರಳಿನ ಗುಳಿ ಮಾತ್ರ ಮುದುಡಿಕೊಂಡಿತ್ತು. ಆಚೀಚೆ ನೋಡಿದಳು. ಒಂದು ಸಣ್ಣ ಉಳ್ಳಾಗಡ್ಡಿಗೆ ಚಿಂದಿ ಸುತ್ತಿ ಆ ಗುಳಿಗೆ ತುರುಕಿದಳು. ಒಲೆಯಿಂದ ದೂರ, ಗಾಳಿಯಾಡುವ ಮೂಲೆಯಲ್ಲಿ ಜೋಡನ್ನು ಬಚ್ಚಿಟ್ಟಳು.

ನಸುಕಿನಲ್ಲಿ ಬಚ್ಚಲ ಮುಂದೆ ಮಣೆ ಹಾಕಿದ್ದರು. ಅಜ್ಜನ ಬೋಳುತಲೆ ಎಣ್ಣೆಯಿಂದ ಮಿಂಚುತ್ತಿತ್ತು.

"ಬಾರವ್ವಾ, ತಲಿ ಕೊಡು," ಎಂದು ಅಜ್ಜಿ ಬಟ್ಟಲು ಎತ್ತಿದಳು. "ಎಣ್ಣಿ ಎಲ್ಲೈತಿ ಇದರಾಗ?"

ಸಿದ್ದಲಿಂಗವ್ವ ನೆಲ ನೋಡಿದಳು. "ಅಜ್ಜನ ಜೋಡು ಕುಡದಾವು."

ಎಲ್ಲವನ್ನೂ ಹೇಳಿದಳು. ಅಜ್ಜಿ ಹಣೆ ಚಚ್ಚಿಕೊಂಡಳು. "ಹಂಡೆ ತಿಕ್ಕಂದ್ರ ಜೋಡು ತಿಕ್ಕ್ಯಾಳ ನೋಡ್ರಿ."

ಅಜ್ಜ ಜೋಡು ತರಿಸಿದ. ಅಲುಗಾಡಿಸಿದಾಗ ಉಳ್ಳಾಗಡ್ಡಿ ಉರುಳಿ ಬಿತ್ತು. ಅವನು ನಗಲಿಲ್ಲ. ಬಿರುಕಿನ ಮೇಲೆ ಹೆಬ್ಬೆರಳಾಡಿಸಿದ. ಕಾಲು ಒಳಗೆ ಹಾಕಿ ನೆಲಕ್ಕೆ ಊರಿದ. ಸಿದ್ದಲಿಂಗವ್ವ ಆ ಕಾಲನ್ನೇ ನೋಡುತ್ತಿದ್ದಳು.

ಅಜ್ಜ ತನ್ನ ತಲೆಯ ಮೇಲಿನ ಎಣ್ಣೆಯನ್ನು ಅಂಗೈಯಿಂದ ಬಳಿದು ಅವಳ ನೆತ್ತಿಗೆ ತಟ್ಟಿದ. "ನಿನ್ನ ಪಾಲು ನನ್ನ ಕಾಲಿಗೆ ಬಂತು. ನನ್ನ ಪಾಲಿಂದು ನಿನ್ನ ತಲಿಗಿರಲಿ."

"ಮದಲ ಕೈ ತೊಳಕೋರಿ," ಎಂದಳು ಅಜ್ಜಿ.

ಸ್ನಾನ, ಆರತಿ ಮುಗಿಸಿ ಊರವರು ಗದಗಕ್ಕೆ ಹೊರಟರು. ಎಲ್ಲರ ಮುಂದೆ ಅಜ್ಜ, ಅವನ ಹಿಂದೆ ಮೊಮ್ಮಗಳು.

ಸಂಜೆ ಹಿಂತಿರುಗಿದಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. "ಏನೇನ ನೋಡಿದಿ ಹೇಳು. ಬ್ಯಾಂಡ್ ಇತ್ತೇನು? ಆನಿ ಬಂದಿತ್ತೇನು?"

ಬ್ಯಾಂಡ್ ಕೇಳಿಸಿತ್ತು. ಆನೆ? ಸಿದ್ದಲಿಂಗವ್ವ ಎಷ್ಟು ನೆನೆದರೂ ಕಣ್ಣಿಗೆ ಬಂದದ್ದು ಒಂದೇ: ಧೂಳಿನಲ್ಲಿ ಏಳುವ, ಊರುವ, ಮತ್ತೆ ಏಳುವ ಒಂದು ಬಲಗಾಲು.

"ಅಜ್ಜ ಕುಂಟಲಿಲ್ಲ," ಎಂದಳು.

ಅಜ್ಜ ಬಿಟ್ಟ ಜೋಡನ್ನು ಎತ್ತಿ ಒಣ ಅರಿವೆಯಿಂದ ಧೂಳು ಒರೆಸಿದಳು. ಬಿರುಕು ಮುಚ್ಚಿರಲಿಲ್ಲ, ದೊಡ್ಡದೂ ಆಗಿರಲಿಲ್ಲ. ಅದರ ಮೇಲೆ ಬೆರಳಾಡಿಸಿ ನೋಡಿದಳು. ಆಮೇಲೆ ಬಚ್ಚಲ ಕಡೆಗೆ ಹೋಗದೆ, ಬಾರಕೋಲಿನ ಕೆಳಗೆ ಜೋಡನ್ನು ಜೊತೆಯಾಗಿ ಇಟ್ಟಳು.